ನೆಲಮಾಳಿಗೆಯ ಲಾಗಿನ್ ಪುಟ

ಆ ದೊಡ್ಡ ಆಸ್ಪತ್ರೆಯಲ್ಲಿ ಅವನ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ವೈಫೈಯಣ್ಣ. ಹದಿನಾಲ್ಕು ವರ್ಷದ ಹಿಂದೆ ಗೋಡೆಗೆ ತೂತು ಕೊರೆದು ವೈರ್ ಎಳೆಯುವ ಕೆಲಸಕ್ಕೆ ಸೇರಿದವನ ಕೈಯಲ್ಲಿ ಈಗ ಆರು ಮಹಡಿಯ ಕಟ್ಟಡದ ಇಡೀ ನೆಟ್‌ವರ್ಕ್ ಇತ್ತು. ಮೂರನೇ ಮಹಡಿಯ ಮೂಲೆಯಲ್ಲಿ ಅವನ ಕೋಣೆ. ಒಂದು ಗೋಡೆಯ ತುಂಬ ಮಿಣಮಿಣ ಎನ್ನುವ ಪೆಟ್ಟಿಗೆಗಳು, ಅವುಗಳಿಗಾಗಿ ಹಾಕಿದ ಎ.ಸಿ., ಆ ಎ.ಸಿ.ಗಾಗಿ ಅವನು ವರ್ಷಪೂರ್ತಿ ಹಾಕಿಕೊಳ್ಳುತ್ತಿದ್ದ ಒಂದು ಬೂದು ಸ್ವೆಟರ್. ಡಾಕ್ಟರುಗಳು ಕೂಡ ಫೋನ್ ಹಿಡಿದುಕೊಂಡು ಅವನ ಬಾಗಿಲಿಗೆ ಬಂದು, "ಸ್ವಲ್ಪ ನೋಡಪ್ಪಾ ಇದನ್ನ" ಎಂದು ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಅವನ ಅಮ್ಮ ವಾರಕ್ಕೆ ಮೂರು ದಿನ ಅದೇ ಆಸ್ಪತ್ರೆಯ ನೆಲಮಾಳಿಗೆಗೆ ಬರುತ್ತಿದ್ದಳು. ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಒಂಬತ್ತಕ್ಕೆ ಮಲಗಿಸಿ ತೋಳಿಗೆ ಸೂಜಿ ಹಾಕಿದರೆ ಒಂದು ಗಂಟೆಯವರೆಗೆ ಡಯಾಲಿಸಿಸ್. ಕರೆದುಕೊಂಡು ಬರುವವಳು ಅಕ್ಕ, ಪಕ್ಕದಲ್ಲಿ ಕೂರುವವಳು ಅಕ್ಕ, ಮುಗಿದ ಮೇಲೆ ತೋಳಿನ ಪಟ್ಟಿ ಒದ್ದೆಯಾಗಿದೆಯಾ ಎಂದು ಮುಟ್ಟಿ ನೋಡಿ ಆಟೋ ಹತ್ತಿಸುವವಳೂ ಅಕ್ಕ. ಅಕ್ಕ ಟೈಲರ್. ಮದುವೆಯಾದ ಎರಡೇ ವರ್ಷಕ್ಕೆ ಅಮ್ಮನ ಮನೆಗೆ ವಾಪಸಾದವಳು. ಎರಡು ಕೋಣೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್, ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ. ಡಯಾಲಿಸಿಸ್ ದಿನಗಳಲ್ಲಿ ಅರ್ಧ ಹೊಲಿದ ಶಾಲಾ ಯೂನಿಫಾರ್ಮುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಅಮ್ಮನ ಮಂಚದ ಬದಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು.

ಅಮ್ಮನಿಗೆ ಮಾತ್ರ ಮಗನದೇ ಜಪ. ಸೂಜಿ ಹಾಕುವ ನರ್ಸಿಗೂ, ಪಕ್ಕದ ಮಂಚದ ಮುದುಕರಿಗೂ, ನೆಲ ಒರೆಸಲು ಬಂದವರಿಗೂ ಒಂದೇ ಮಾತು: "ಈ ಆಸ್ಪತ್ರೆ ನಡೆಯೋದೇ ನನ್ನ ಮಗನಿಂದ. ಮೇಲೆ ಕೂತ್ಕೊಂಡು ಎಲ್ಲಾ ಅವನೇ ನೋಡ್ಕೊಳ್ಳೋದು." ಇದನ್ನು ಹೇಳುವಾಗ ಮಗಳು ಅವಳ ಕಾಲಿಗೆ ಹೊದಿಕೆ ಸರಿಮಾಡುತ್ತಿರುತ್ತಿದ್ದಳು. ಅಕ್ಕ ಆ ಮಾತನ್ನು ಎಂದೂ ಕಿವಿಗೆ ಹಾಕಿಕೊಂಡವಳಂತೆ ಕಾಣುತ್ತಿರಲಿಲ್ಲ. ಒಮ್ಮೆ ಮಾತ್ರ, "ಹೌದಮ್ಮ, ಮೇಲೆ ಇರೋರು ಕೆಳಗೆ ಬರೋದು ಕಷ್ಟ. ದೇವರನ್ನೇ ನೋಡು," ಎಂದಿದ್ದಳು. ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದಳು.

ಅವನು ಕೆಳಗೆ ಬರುತ್ತಲೇ ಇರಲಿಲ್ಲ ಎಂದಲ್ಲ. ಬರುತ್ತಿದ್ದ, ಕಾಟಾಚಾರಕ್ಕೆ. ಐದು ನಿಮಿಷ ನಿಂತು, "ಹೇಗಿದ್ದೀಯಮ್ಮಾ" ಎಂದು, ಕೈಯಲ್ಲಿದ್ದ ಫೋನ್ ನೋಡಿ, "ಮೇಲೆ ಕರೀತಿದ್ದಾರೆ" ಎಂದು ಹೊರಡುತ್ತಿದ್ದ. ಅಮ್ಮ ಸೂಜಿಯಿಲ್ಲದ ಕೈಯಿಂದ ಅವನ ಮಣಿಕಟ್ಟು ಹಿಡಿದುಕೊಂಡುಬಿಡುತ್ತಿದ್ದಳು. ಹಿಡಿದರೆ ಬಿಡುತ್ತಿರಲಿಲ್ಲ. ಆ ಒಣಗಿದ ಬೆರಳುಗಳು, ಕೊಳವೆಯಲ್ಲಿ ಹೊರಗೆ ಹರಿದು ಒಳಗೆ ಬರುವ ಅವಳದೇ ರಕ್ತ, ಯಂತ್ರದ ಕುಂಯ್ ಕುಂಯ್ ಸದ್ದು, ಇವೆಲ್ಲ ಅವನಿಗೆ ಸಹಿಸಲು ಆಗುತ್ತಿರಲಿಲ್ಲ. ಸಹಿಸಲು ಆಗುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಕೆಲಸ ಜಾಸ್ತಿ ಎಂದು ಹೇಳುತ್ತಿದ್ದ.

ಆ ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಡಯಾಲಿಸಿಸ್ ಕೋಣೆಯ ಆಚೆ ಬದಿಗೆ ವಿಕಿರಣ ಚಿಕಿತ್ಸೆಯ ಕೋಣೆ ಇದ್ದುದರಿಂದ ಗೋಡೆಗಳು ಕೋಟೆಯಂತೆ ದಪ್ಪ. ಕೆಳಗೆ ಕೂತವರು ಹೊರಗಿನವರೊಂದಿಗೆ ಮಾತಾಡಬೇಕೆಂದರೆ ಆಸ್ಪತ್ರೆಯ ವೈಫೈ ಒಂದೇ ಗತಿ. ಮೊದಲು ಅದು ಸುಲಭವಿತ್ತು. ಫೋನನ್ನು ವೈಫೈಗೆ ಸೇರಿಸಿದರೆ ಒಂದು ಬಿಳಿ ಪುಟ ಬರುತ್ತಿತ್ತು, ಅದರಲ್ಲಿ "ಒಪ್ಪಿದ್ದೇನೆ" ಎಂಬ ಒಂದೇ ಗುಂಡಿ. ಒತ್ತಿದರೆ ಆಯಿತು. ಆ ಪುಟ ಮಾಡಿದವನು ಅವನೇ.

ಆಡಳಿತಾಧಿಕಾರಿಗೆ ಆ ಬಿಳಿ ಪುಟ ಹಿಡಿಸಲಿಲ್ಲ. "ಸಾವಿನ ಮನೆ ಥರ ಇದೆ, ಸ್ವಲ್ಪ ಕಳೆ ಬೇಡವಾ?" ಎಂದರು. ಹೊರಗಿನ ಒಂದು ಕಂಪನಿಗೆ ಹೊಸ ಪುಟದ ಕೆಲಸ ವಹಿಸಿದರು. ನಗುವ ಸಂಸಾರದ ಫೋಟೋ, ಆಸ್ಪತ್ರೆಯ ಲಾಂಛನ, ಹೆಸರು, ಫೋನ್ ನಂಬರು, "ನಿಮ್ಮ ಅನುಭವ ಹೇಗಿತ್ತು?" ಎಂದು ಕೇಳುವ ಐದು ನಕ್ಷತ್ರ. ಫೋನಿಗೆ ಎಸ್‌ಎಂಎಸ್‌ನಲ್ಲಿ ಒಂದು ಸಂಖ್ಯೆ ಬರಬೇಕು, ಅದನ್ನು ಹಾಕಿದರೆ ಮಾತ್ರ ಇಂಟರ್ನೆಟ್ ಎಂದೂ ಕಂಪನಿಯವರು ಹೇಳಿದ್ದರು. ಅವನು ಅಲ್ಲಿ ಪಟ್ಟು ಹಿಡಿದ. "ನೆಲಮಾಳಿಗೇಲಿ ಸಿಗ್ನಲ್ಲೇ ಇಲ್ಲ ಸಾರ್. ಎಸ್‌ಎಂಎಸ್ ಎಲ್ಲಿಂದ ಬರುತ್ತೆ, ನಲ್ಲೀಲಾ?" ಎಂದು ಸಭೆಯಲ್ಲೇ ಕೇಳಿದ. ಎಲ್ಲರೂ ನಕ್ಕರು, ಆ ಸಂಖ್ಯೆಯ ಕಾಟ ತಪ್ಪಿತು. ನೆಲಮಾಳಿಗೆಯವರಿಗೆ ತಾನು ದೊಡ್ಡ ಉಪಕಾರ ಮಾಡಿದೆನೆಂದು ಅವನು ಎರಡು ದಿನ ಬೀಗಿದ.

ಹೊಸ ಪುಟ ಶುರುವಾಗುವ ಮುಂಚೆ ಪ್ರತಿ ಮಹಡಿಗೂ ಹೋಗಿ, ಫೋನ್ ಸೇರಿಸಿ, ಪುಟ ಬರುತ್ತದೆಯೇ ಎಂದು ನೋಡಿ, ಒಂದು ಪಟ್ಟಿಯಲ್ಲಿ ಗುರುತು ಹಾಕಿ ಸಹಿ ಮಾಡಬೇಕಿತ್ತು. ಅದು ಗುರುವಾರ. ಆರು ಮಹಡಿಯನ್ನೂ ಅವನು ನಡೆದೇ ಮುಗಿಸಿದ. ನೆಲಮಾಳಿಗೆಯ ಮೆಟ್ಟಿಲ ಬಳಿ ಬಂದಾಗ ಹನ್ನೊಂದು ಗಂಟೆ. ಕೆಳಗೆ ಅಮ್ಮ ಮಲಗಿದ್ದಾಳೆ, ಪಕ್ಕದಲ್ಲಿ ಅಕ್ಕ. ಹೋದರೆ ಮಣಿಕಟ್ಟು ಹಿಡಿಯುತ್ತಾಳೆ. "ಕೂತ್ಕೊಳ್ಳೋ ಸ್ವಲ್ಪ" ಎಂದು ಅಕ್ಕ ಸ್ಟೂಲ್ ಬಿಟ್ಟುಕೊಡುತ್ತಾಳೆ. ಅಲ್ಲಿಗೆ ಅರ್ಧ ಗಂಟೆ ಹೋದಂತೆಯೇ. ಅವನು ಮೆಟ್ಟಿಲ ಮೇಲೆಯೇ ನಿಂತು ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು, ನೆಲಮಾಳಿಗೆಯ ಮುಂದೆ "ಸರಿಯಿದೆ" ಎಂದು ಗುರುತು ಹಾಕಿ, ಕೆಳಗೆ ಸಹಿ ಎಳೆದು, ಮೇಲೆ ಹೋದ.

ಶುಕ್ರವಾರ ಹೊಸ ಪುಟ ಶುರುವಾಯಿತು. ಶನಿವಾರ ಡಯಾಲಿಸಿಸ್ ಕೋಣೆಯ ಹಿರಿಯ ನರ್ಸ್ ಆಸ್ಪತ್ರೆಯ ಒಳಗಿನ ಫೋನಿನಲ್ಲಿ ಅವನಿಗೆ ಕರೆ ಮಾಡಿದಳು.

"ಅಣ್ಣಾ, ಇಲ್ಲಿ ಯಾರ ಫೋನಲ್ಲೂ ಆ ಪುಟ ಬರ್ತಿಲ್ಲ. ಕನೆಕ್ಟ್ ಆಗಿದೆ ಅನ್ನುತ್ತೆ, ಇಂಟರ್ನೆಟ್ ಇಲ್ಲ ಅನ್ನುತ್ತೆ."

"ಫೋನ್‌ಗಳದ್ದು ಸಿಸ್ಟರ್. ಒಬ್ಬೊಬ್ಬರ ಫೋನು ಒಂದೊಂದು ಥರ. ಒಂದು ಹಾಳೆ ಕಳಿಸ್ತೀನಿ, ಗೋಡೆಗೆ ಅಂಟಿಸಿ."

"ನೀವೇ ಒಂದು ಸಲ ಬಂದು ನೋಡಬಹುದಲ್ಲ? ನಿಮ್ಮಮ್ಮನೂ ಇದ್ದಾರೆ."

"ಮಂಗಳವಾರ ಬರ್ತೀನಿ."

ಅವನು ಕಳಿಸಿದ ಹಾಳೆಯಲ್ಲಿ ಏಳು ಹಂತಗಳಿದ್ದವು. ವೈಫೈ ಆಫ್ ಮಾಡಿ ಆನ್ ಮಾಡಿ. ಮೊಬೈಲ್ ಡೇಟಾ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಈ ನೆಟ್‌ವರ್ಕನ್ನು ಅಳಿಸಿ ಮತ್ತೆ ಸೇರಿಸಿ. ಫೋನಿನ ದಿನಾಂಕ, ಸಮಯ ಸರಿಯಿದೆಯೇ ನೋಡಿ. ವಿಪಿಎನ್ ಇದ್ದರೆ ತೆಗೆಯಿರಿ. ಬ್ರೌಸರ್ ತೆರೆದು ಈ ವಿಳಾಸ ಹೊಡೆಯಿರಿ. ಕೊನೆಗೆ, ಫೋನನ್ನೇ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹದಿನಾಲ್ಕು ವರ್ಷದಲ್ಲಿ ಕಲಿತದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ "ತಾಳ್ಮೆಯಿರಲಿ" ಎಂದೂ ಸೇರಿಸಿದ್ದ. ಒಂದೊಂದು ಹಂತವೂ ಸರಿಯಾದದ್ದೇ. ತೊಂದರೆ ಫೋನಿನಲ್ಲಿದ್ದಿದ್ದರೆ.

ಮಂಗಳವಾರ ಅವನು ಕೆಳಗೆ ಹೋಗಲಿಲ್ಲ. ಅಂದು ಬೆಳಗ್ಗೆ ಆರನೇ ಮಹಡಿಯ ಸಭಾಂಗಣದಲ್ಲಿ ನಿರ್ದೇಶಕರಿಗೆ ಹೊಸ ಪುಟವನ್ನು ತೋರಿಸುವ ಕಾರ್ಯಕ್ರಮ. ಪರದೆಯ ಮೇಲೆ ನಗುವ ಸಂಸಾರ ಗೋಡೆಯಷ್ಟು ದೊಡ್ಡದಾಗಿ ಬಂದಿತ್ತು. ಫೋನುಗಳೆಲ್ಲ ಸೈಲೆಂಟ್ ಇರಬೇಕೆಂದು ಆಡಳಿತಾಧಿಕಾರಿ ಹೇಳಿದ್ದರು. ಅವನು ತನ್ನದನ್ನು ಸೈಲೆಂಟ್ ಮಾಡಿ ಮೇಜಿನ ಮೇಲೆ ಬೋರಲು ಇಟ್ಟ.

ಹತ್ತೂಮುಕ್ಕಾಲರ ಹೊತ್ತಿಗೆ ಕೆಳಗೆ ಅಮ್ಮನ ಬಿಪಿ ಇಳಿಯತೊಡಗಿತು. ಡಯಾಲಿಸಿಸ್‌ನಲ್ಲಿ ಬಿಪಿ ಇಳಿಯುವುದು ಹೊಸದಲ್ಲ. ನರ್ಸ್ ಮಂಚದ ಕಾಲಿನ ಬದಿ ಎತ್ತರಿಸಿದಳು, ಸಲೈನ್ ಬಿಟ್ಟಳು. ಆದರೆ ಅದು ಏರಲಿಲ್ಲ. ಅಮ್ಮ ತುಟಿ ಒದ್ದೆ ಮಾಡಿಕೊಂಡು, "ಅವನನ್ನ ಕರಿ" ಎಂದಳು. ನರ್ಸ್ ಡಾಕ್ಟರಿಗೆ ಹೇಳಿಕಳಿಸಿ, ಅವನ ಕೋಣೆಗೆ ಫೋನ್ ಮಾಡಿದಳು. ಅಲ್ಲಿ ಯಾರಿದ್ದರು ಎತ್ತುವುದಕ್ಕೆ? ಸಭಾಂಗಣದ ಫೋನಿನ ರಿಸೀವರನ್ನು, ಗಲಾಟೆಯಾಗಬಾರದೆಂದು, ಯಾರೋ ತೆಗೆದು ಪಕ್ಕಕ್ಕಿಟ್ಟಿದ್ದರು.

"ನೀವು ನಿಮ್ಮ ಫೋನಿಂದ ನೋಡಿ," ಎಂದಳು ನರ್ಸ್ ಅಕ್ಕನಿಗೆ.

ಅಕ್ಕ ಫೋನ್ ತೆಗೆದಳು. ವೈಫೈ ಸೇರಿದೆ ಎನ್ನುತ್ತದೆ, ಇಂಟರ್ನೆಟ್ ಇಲ್ಲ ಎನ್ನುತ್ತದೆ, ಪುಟ ಬರುವುದಿಲ್ಲ. ಗೋಡೆಯ ಮೇಲೆ ತಮ್ಮ ಬರೆದ ಹಾಳೆ ಇತ್ತು. ಅಕ್ಕನಿಗೆ ಫೋನಿನ ವಿಷಯದಲ್ಲಿ ತಮ್ಮ ಹೇಳಿದ್ದೇ ಅಂತಿಮ. ಹಾಳೆಯ ಮುಂದೆ ನಿಂತು ಒಂದರಿಂದ ಏಳರವರೆಗೆ, ಒಂದನ್ನೂ ಬಿಡದೆ, ಹೊಲಿಗೆಯ ಅಳತೆ ತೆಗೆದಷ್ಟೇ ನಿಷ್ಠೆಯಿಂದ ಮಾಡಿದಳು. ಫೋನ್ ಆಫ್ ಆಗಿ ಆನ್ ಆಗುವವರೆಗೆ ಅದನ್ನು ಎದೆಗೆ ಒತ್ತಿ ಹಿಡಿದು ಕಾದಳು. ಬರಲಿಲ್ಲ. ತಾನೇ ಎಲ್ಲೋ ತಪ್ಪಿದೆನೆಂದುಕೊಂಡು ಮತ್ತೆ ಒಂದರಿಂದ ಶುರು ಮಾಡಿದಳು. ಎರಡನೇ ಸಲವೂ ಬರದಿದ್ದಾಗ, "ಸಿಸ್ಟರ್, ಮೇಲೆ ಸಿಗ್ನಲ್ ಇರೋ ಕಡೆ ಹೋಗಿ ಮಾಡಿ ಬರ್ತೀನಿ, ಅಮ್ಮನ್ನ ನೋಡ್ಕೊಳ್ಳಿ," ಎಂದು ಮೆಟ್ಟಿಲು ಹತ್ತಿ ಓಡಿದಳು.

ಹೊರಬಾಗಿಲ ಬಳಿ ನಿಂತು ಅವಳು ಒಂಬತ್ತು ಸಲ ಕರೆ ಮಾಡಿದಳು. ಒಂಬತ್ತು ಸಲವೂ ಆ ಫೋನು ಆರನೇ ಮಹಡಿಯ ಮೇಜಿನ ಮೇಲೆ ಬೋರಲು ಬಿದ್ದುಕೊಂಡೇ ನಡುಗಿತು. ನಿರ್ದೇಶಕರೊಬ್ಬರು ಚಪ್ಪಾಳೆ ತಟ್ಟಿದರು. ಅವನು ಎದ್ದು ನಿಂತು ಕೈಮುಗಿದ.

ಅಕ್ಕ ವಾಪಸ್ ಕೆಳಗೆ ಬಂದಾಗ ಮಂಚದ ಸುತ್ತ ಪರದೆ ಎಳೆದಿದ್ದರು. ಡಾಕ್ಟರ್ ಒಳಗಿನಿಂದ ಹೊರಗೆ ಬರುತ್ತಿದ್ದರು. ಅಮ್ಮ ಆಗಲೇ ಹೋಗಿಬಿಟ್ಟಿದ್ದಳು.

ಅವನು ಬಂದದ್ದು ಅದಾಗಿ ಇಪ್ಪತ್ತು ನಿಮಿಷಕ್ಕೆ. ಅಕ್ಕ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ಅವನು ಅಮ್ಮನ ಕೈ ಮುಟ್ಟಿ, ಬಾಯಿಗೆ ಮೊದಲು ಬಂದ ಮಾತನ್ನೇ ಆಡಿಬಿಟ್ಟ. "ಒಂದು ಮೆಸೇಜ್ ಹಾಕಿದ್ರೆ ಸಾಕಾಗ್ತಿತ್ತಲ್ಲಾ ಅಕ್ಕ."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಗೋಡೆಯ ಹಾಳೆಯ ಕಡೆ ನೋಡಿದಳು. "ಎರಡು ಸಲ ಮಾಡಿದೆ ಕಣೋ," ಎಂದಳು. "ಏಳೂ ಮಾಡಿದೆ."

ಕೊನೆಯ ಕೆಲಸಗಳೆಲ್ಲ ಮುಗಿದು ಅವನು ಮತ್ತೆ ಕೆಲಸಕ್ಕೆ ಹೋದ ದಿನ ನೇರ ನೆಲಮಾಳಿಗೆಗೆ ಹೋದ. ಅಮ್ಮನ ಮಂಚದಲ್ಲಿ ಆಗಲೇ ಬೇರೊಬ್ಬರಿದ್ದರು. ತನ್ನ ಫೋನನ್ನು ವೈಫೈಗೆ ಸೇರಿಸಿದ. ಸೇರಿದೆ ಎಂದಿತು. ಇಂಟರ್ನೆಟ್ ಇಲ್ಲ ಎಂದಿತು. ಪುಟ ಬರಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ದಿನ ಒಳಗೊಳಗೇ ಅವನು ಅಕ್ಕನ ಫೋನಿನದೇ ತಪ್ಪಾಗಿರಲಿ ಎಂದು ಆಸೆ ಇಟ್ಟುಕೊಂಡಿದ್ದ.

ಕಾರಣ ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಫೋನು ವೈಫೈಗೆ ಸೇರಿದ ಕೂಡಲೇ ಹೊರಗಿನ ಒಂದು ವಿಳಾಸಕ್ಕೆ ಸದ್ದಿಲ್ಲದೆ ಒಂದು ಪ್ರಶ್ನೆ ಕಳಿಸುತ್ತದೆ, ದಾರಿ ತೆರೆದಿದೆಯಾ ಎಂದು. ನೆಟ್‌ವರ್ಕಿನ ಬಾಗಿಲು ಕಾಯುವ ಪೆಟ್ಟಿಗೆಯೊಂದು ಅದನ್ನು ಅಡ್ಡ ಹಾಕಿ, ಮೊದಲು ಇಲ್ಲಿ ಹೋಗು ಎಂದು ಲಾಗಿನ್ ಪುಟದ ಕಡೆ ತಿರುಗಿಸುತ್ತದೆ. ಹಳೆಯ ಬಿಳಿ ಪುಟ ಆ ಪೆಟ್ಟಿಗೆಯೊಳಗೇ ಇತ್ತು. ಹೊಸ ಪುಟ ಇರುವುದು ಕಂಪನಿಯವರ ಕಂಪ್ಯೂಟರಿನಲ್ಲಿ, ಹೊರಗೆ. ಹಾಗಾಗಿ ಲಾಗಿನ್ ಆಗುವ ಮುಂಚೆಯೂ ಆ ಒಂದು ವಿಳಾಸಕ್ಕೆ ಮಾತ್ರ ಹೋಗಲು ಬಿಡು ಎಂದು ಪೆಟ್ಟಿಗೆಗೆ ಹೇಳಿಟ್ಟಿರಬೇಕು. ಮೇಲಿನ ಆರು ಮಹಡಿಗೆ ಒಂದೇ ಪೆಟ್ಟಿಗೆ, ಅದಕ್ಕೆ ಅವನು ಹೇಳಿಟ್ಟಿದ್ದ. ನೆಲಮಾಳಿಗೆಯದು ಬೇರೆ, ಹಳೆಯದು. ಅದಕ್ಕೆ ಕೈಯಿಂದ ಒಂದು ಸಾಲು ಸೇರಿಸಬೇಕಿತ್ತು. ಸೇರಿಸಿರಲಿಲ್ಲ. ಪೆಟ್ಟಿಗೆ ಜನರನ್ನು ಪುಟದ ಕಡೆ ತಿರುಗಿಸುತ್ತಿತ್ತು, ಪುಟದ ದಾರಿಯನ್ನೂ ತಾನೇ ಮುಚ್ಚುತ್ತಿತ್ತು. ಆ ಗುರುವಾರ ಒಂದೇ ಒಂದು ಸಲ ಫೋನ್ ಹಿಡಿದು ಕೆಳಗೆ ನಿಂತಿದ್ದರೆ ಗೊತ್ತಾಗುತ್ತಿತ್ತು.

ಆ ಸಾಲು ಸೇರಿಸಲು ಅವನಿಗೆ ಹಿಡಿದದ್ದು ನಾಲ್ಕು ನಿಮಿಷ. ಫೋನಿನಲ್ಲಿ ನಗುವ ಸಂಸಾರ ಬಂತು. ನಿಮ್ಮ ಅನುಭವ ಹೇಗಿತ್ತು ಎಂದು ಐದು ನಕ್ಷತ್ರ ತೋರಿಸಿ ಕೇಳಿತು.

ಹಿರಿಯ ನರ್ಸ್ ಅವನ ಹಿಂದೆ ಬಂದು ನಿಂತಿದ್ದಳು. "ಸರಿಹೋಯ್ತಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ.

"ಹೂಂ." ಅವನು ಫೋನನ್ನು ಜೇಬಿಗೆ ಹಾಕಿ ಕೇಳಿದ. "ಅಮ್ಮ ಕೊನೇಲಿ ಏನಾದ್ರೂ ಅಂದ್ಳಾ ಸಿಸ್ಟರ್?"

"ಬಿಡಿ ಅಣ್ಣಾ."

"ಹೇಳಿ ಸಿಸ್ಟರ್. ನನ್ನನ್ನ ಕೇಳಿದ್ಳಂತೆ ಅಲ್ವಾ?"

ನರ್ಸ್ ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು. "ಮೊದಲು ನಿಮ್ಮನ್ನೇ ಕೇಳಿದ್ರು. ಅಕ್ಕ ಮೇಲೆ ಹೋದ ಮೇಲೆ ಕಣ್ಣು ಬಿಟ್ಟು, ಅವಳೆಲ್ಲಿ ಅಂದ್ರು. ನಿಮ್ಮನ್ನ ಕರೆಯೋಕೆ ಹೋಗಿದ್ದಾರೆ ಅಂದೆ. 'ಅವನು ಬರಲ್ಲ ಬಿಡು, ಅವಳನ್ನ ಕರಿ' ಅಂದ್ರು. ಎರಡು ಸಲ ಅಂದ್ರು. ನಾನು ಆಯಾನ ಕಳಿಸಿದೆ. ಅಷ್ಟರಲ್ಲಿ..." ಅವಳು ಮಾತು ಮುಗಿಸದೆ ಬೇರೆ ಮಂಚದ ಯಂತ್ರ ಕೂಗುತ್ತಿದ್ದ ಕಡೆಗೆ ಹೋದಳು.

ನಾಲ್ಕು ದಿನ ಬಿಟ್ಟು ಆಡಳಿತಾಧಿಕಾರಿ ಅವನನ್ನು ಕರೆಸಿದರು. ಡಯಾಲಿಸಿಸ್ ಕೋಣೆಯ ಪುಸ್ತಕದಲ್ಲಿ ನರ್ಸ್ ಒಂದು ಸಾಲು ಬರೆದಿಟ್ಟಿದ್ದಳು: ವೈಫೈ ಪುಟ ತೆರೆಯದೆ ಸಂಬಂಧಿಕರನ್ನು ಸಂಪರ್ಕಿಸಲಾಗಲಿಲ್ಲ. ಅದಕ್ಕೊಂದು ಸಮಜಾಯಿಷಿ ಬೇಕಿತ್ತು. ಅಧಿಕಾರಿ ಮೊದಲು ಸಂತಾಪ ಸೂಚಿಸಿದರು, ನೀರು ಕೊಡಿಸಿದರು, ಆಮೇಲೆ ವಿಷಯಕ್ಕೆ ಬಂದರು.

"ಎರಡು ಸಾಲು ಸಾಕು. ಬಳಕೆದಾರರ ಫೋನ್ ಹಳೆಯದಾಗಿದ್ದರಿಂದ ಪುಟ ತೆರೆಯಲಿಲ್ಲ ಅಂತ."

"ಆ ಬಳಕೆದಾರರು ನನ್ನ ಅಕ್ಕ ಸಾರ್."

"ಗೊತ್ತಪ್ಪ. ಒಂದು ರೀತೀಲಿ ಒಳ್ಳೇದೇ ಆಯ್ತಲ್ಲ, ಬೇರೆಯವರಾಗಿದ್ರೆ ರಂಪ ಮಾಡ್ತಿದ್ರು. ಮನೆಯವರು, ಅರ್ಥ ಮಾಡ್ಕೋತಾರೆ."

ಅವನು ತನ್ನ ಕೋಣೆಗೆ ಹೋಗಿ ಒಂದು ಪೂರ್ತಿ ಹಾಳೆ ಬರೆದ. ನೆಲಮಾಳಿಗೆಯ ಹಳೆಯ ಪೆಟ್ಟಿಗೆಗೆ ಸಾಲು ಸೇರಿಸದೆ ಬಿಟ್ಟದ್ದು ನಾನು. ಅಲ್ಲಿ ಪರೀಕ್ಷೆ ಮಾಡದೆಯೇ ಸರಿಯಿದೆ ಎಂದು ಸಹಿ ಹಾಕಿದ್ದೇನೆ. ಶನಿವಾರ ದೂರು ಬಂದಾಗಲೂ ಹೋಗಿ ನೋಡಲಿಲ್ಲ. ಯಾರ ಫೋನಿನದೂ ತಪ್ಪಿಲ್ಲ. ಬರೆದು ಮುಗಿಸಿದಾಗ ಅವನ ಎದೆ ಒಂದಿಷ್ಟು ಹಗುರವಾಗಿತ್ತು. ಕೆಲಸದಿಂದ ತೆಗೆದರೂ ತೆಗೆಯಲಿ ಎಂದುಕೊಂಡ. ತೆಗೆದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಅಧಿಕಾರಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ, ನಾಲ್ಕು ಮಡಿಕೆ ಮಾಡಿ, ಅವನ ಕಡೆಗೇ ಸರಿಸಿದರು. "ದುಃಖದಲ್ಲಿ ಬರೆದದ್ದನ್ನೆಲ್ಲ ಫೈಲಿಗೆ ಹಾಕೋಕಾಗಲ್ಲ. ಇನ್ನೊಂದು ವಾರ ರಜೆ ತಗೊಳ್ಳಿ. ಸಮಜಾಯಿಷಿ ನಾನೇ ಬರೆಸ್ತೀನಿ." ಎದ್ದು ಬಂದು ಅವನ ಬೆನ್ನು ತಟ್ಟಿದರು. ಎಚ್ಚರಿಕೆಯ ಒಂದು ಮೆಮೊ ಕೂಡ ಕೊಡಲಿಲ್ಲ.

ಅವನಿಗೆ ಆ ತಪ್ಪೊಪ್ಪಿಗೆಯನ್ನು ಯಾರಿಗಾದರೂ ಕೊಡಲೇಬೇಕಿತ್ತು. ಆ ಭಾನುವಾರ ಮಧ್ಯಾಹ್ನ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದ. ಅಮ್ಮ ಹೋಗಿ ಒಂದು ತಿಂಗಳಾಗುತ್ತ ಬಂದಿತ್ತು. ಮಂಚವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರಿಂದ ಹಿಂದಿನ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಅಕ್ಕ ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಳು. ನೀಲಿ ಯೂನಿಫಾರ್ಮಿನ ರಾಶಿ ಅವಳ ಮೊಣಕಾಲೆತ್ತರಕ್ಕಿತ್ತು. "ಬಾ" ಎಂದಳು, ಮಿಷನ್ ನಿಲ್ಲಿಸಲಿಲ್ಲ.

ಅವನು ಹಾಳೆಯನ್ನು ಮಿಷನ್ನಿನ ಮೇಲೆ ಬಿಚ್ಚಿಟ್ಟ. ಅಕ್ಕ ಕಾಲು ನಿಲ್ಲಿಸಿ, ದಾರ ಕತ್ತರಿಸಿ, ಓದಿದಳು. ನಿಧಾನವಾಗಿ, ಕೆಲವು ಸಾಲನ್ನು ಎರಡೆರಡು ಸಲ ಓದಿದಳು.

"ಅಂದ್ರೆ ನನ್ನ ಫೋನ್ ಸರಿಯಾಗೇ ಇತ್ತು."

"ಹೌದಕ್ಕ."

"ನಾನು ಮಾಡಿದ್ದೂ ಸರಿಯಾಗೇ ಇತ್ತು."

"ಹೌದು."

"ಒಂದು ತಿಂಗಳಿಂದ ಯೋಚನೆ ಮಾಡ್ತಿದ್ದೀನಿ ಕಣೋ, ನಾಲ್ಕನೇದರಲ್ಲಿ ತಪ್ಪಿದೆನೋ, ಐದನೇದರಲ್ಲೋ ಅಂತ." ಅವಳು ಹಾಳೆಯನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಳು. "ಅವತ್ತು ಕೆಳಗೆ ಬಂದು ಯಾಕೆ ನೋಡಲಿಲ್ಲ? ಅದು ಇದರಲ್ಲಿ ಇಲ್ಲ."

"ಕೆಲಸ ಜಾಸ್ತಿ ಇತ್ತು."

ಅಕ್ಕ ಸೂಜಿಗೆ ಹೊಸ ದಾರ ಪೋಣಿಸತೊಡಗಿದಳು. ಒಂದು ಸಲ ತಪ್ಪಿತು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಪೋಣಿಸಿದಳು. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ನೀವಿದ್ರಿ," ಎಂದ. "ಗುರುವಾರ ಅಲ್ವಾ. ನೀನಿದ್ದೆ, ಅಮ್ಮ ಇದ್ಳು. ಬಂದ್ರೆ ಕೂರಿಸ್ಕೋತೀರ ಅಂತ... ಮೆಟ್ಟಿಲವರೆಗೆ ಬಂದಿದ್ದೆ ಅಕ್ಕ. ಅಲ್ಲೇ ಸಹಿ ಹಾಕಿ ಹೋದೆ."

ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತ ಹೋಯಿತು. ಅಕ್ಕ ಕಿಟಕಿಯ ಕಡೆ ನೋಡಿ, ಮತ್ತೆ ಇವನ ಕಡೆ ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಬೈದರೆ ಸಾಕು ಎಂದುಕೊಂಡ. ಅವಳು ಬೈಯಲಿಲ್ಲ. ಆಗ ಅವನಿಗೆ, ಅವಳಿಗೊಂದು ಸಮಾಧಾನವನ್ನಾದರೂ ಕೊಟ್ಟು ಹೋಗಬೇಕು ಅನ್ನಿಸಿತು. ಅದು ಅವಳಿಗೆ ಸೇರಬೇಕಾದದ್ದೇ ಆಗಿತ್ತು. ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದ.

"ಅಕ್ಕ, ಅಮ್ಮ ಕೊನೇಲಿ ನಿನ್ನನ್ನ ಕೇಳಿದ್ಳಂತೆ. ಸಿಸ್ಟರ್ ಹೇಳಿದ್ರು. 'ಅವಳನ್ನ ಕರಿ' ಅಂದ್ಳಂತೆ. ಎರಡು ಸಲ."

"ಗೊತ್ತು," ಎಂದಳು ಅಕ್ಕ. "ಅವತ್ತೇ ಹೇಳಿದ್ರು ನನಗೆ. ನೀನು ಬರೋಕೆ ಮುಂಚೆ."

ಅವನು ಹಾಳೆಯ ಮಡಿಕೆಗಳನ್ನು ಬೆರಳಿನಿಂದ ನೇರ ಮಾಡತೊಡಗಿದ.

"ಅದರ ಹಿಂದೆ ಇನ್ನೊಂದು ಮಾತಿತ್ತು. ಅದನ್ನ ಯಾಕೆ ಬಿಟ್ಟೆ?"

"ಯಾವ ಮಾತು?" ಎಂದ. ಕೇಳಬಾರದಿತ್ತೆಂದು ಕೇಳುವಾಗಲೇ ಗೊತ್ತಾಗಿತ್ತು.

"'ಅವನು ಬರಲ್ಲ ಬಿಡು.'" ಅಕ್ಕ ಅದನ್ನು ಅಮ್ಮನ ದನಿಯಲ್ಲಿ ಹೇಳಲಿಲ್ಲ, ಅಣಕಿಸಲೂ ಇಲ್ಲ. "ಎರಡು ವರ್ಷ ಅವಳ ಬಾಯಲ್ಲಿ ನಿನ್ನ ಹೆಸರು ಬಿಟ್ಟು ಇನ್ನೊಂದು ಬರಲಿಲ್ಲ. ನಾನು ತಲೆ ಬಾಚುವಾಗಲೂ ನಿನ್ನದೇ ಮಾತು. ಒಂದೇ ಒಂದು ಸಲ ನನ್ನನ್ನ ಕೇಳಿದ್ಳು. ಆಗ ನಾನು ಎಲ್ಲಿದ್ದೆ? ಬಾಗಿಲಲ್ಲಿ ನಿಂತು ನಿನಗೆ ಫೋನ್ ಮಾಡ್ತಿದ್ದೆ."

"ಅಕ್ಕ..."

"ಹಾಳೆ ಬರೆದಿದ್ದೀಯ, ಚೆನ್ನಾಗಿದೆ. ಇದರಲ್ಲಿ ಪೆಟ್ಟಿಗೆ ಇದೆ, ಸಾಲು ಇದೆ, ಸಹಿ ಇದೆ. ಮೆಟ್ಟಿಲು ಇಲ್ಲ. ಬಾಯಲ್ಲಿ ಹೇಳೋಕೆ ಬಂದೆ, ಅಲ್ಲೂ ಅರ್ಧ ನುಂಗಿಕೊಂಡೆ. ನಿನಗೆ ತಪ್ಪು ಒಪ್ಕೊಳ್ಳೋಕೂ ನಿನ್ನ ಅಳತೆಗೆ ಹೊಲಿದದ್ದೇ ಬೇಕು." ಅವಳು ಹಾಳೆಯನ್ನು ಅವನ ಮುಂದಿಟ್ಟಳು. "ತಗೊಂಡು ಹೋಗು. ಇದು ನನಗೆ ಬರೆದದ್ದಲ್ಲ."

ಅವನು ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದ. ಅಕ್ಕ ಮಿಷನ್ ತುಳಿಯತೊಡಗಿದಳು. ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ತಿರುಗಿ ನೋಡಿದ. ಅವಳು ಒಂದು ಕಾಲರನ್ನು ಬಹಳ ಎಚ್ಚರದಿಂದ ತಿರುಗಿಸುತ್ತಿದ್ದಳು.

ಅದಾದ ಮೇಲೆ ಅಣ್ಣತಮ್ಮಂದಿರ ಜಗಳದಂತೆ ಕೂಗಾಟ ಏನೂ ಆಗಲಿಲ್ಲ. ಅಕ್ಕ ಮಾತು ಬಿಟ್ಟಳು, ಅಷ್ಟೇ. ಏನಾದರೂ ತಿಳಿಸಬೇಕಾದರೆ ಅವನ ಹೆಂಡತಿಗೆ ಫೋನ್ ಮಾಡುತ್ತಾಳೆ, ಅವಳೊಂದಿಗೆ ನಗುತ್ತಲೇ ಮಾತಾಡುತ್ತಾಳೆ. ಮಾತಿನ ಮಧ್ಯೆ ಅವನ ಸುದ್ದಿ ಬಂದರೆ, "ಕುಕ್ಕರ್ ಕೂಗ್ತಿದೆ, ಇಡ್ತೀನಿ" ಎನ್ನುತ್ತಾಳಂತೆ. ಹೆಂಡತಿಗೆ ಕಾರಣ ಗೊತ್ತಿಲ್ಲ. ಅವನು ಹೇಳಿಲ್ಲ.

ಹೊಸ ಪುಟ ಚೆನ್ನಾಗಿ ನಡೆಯುತ್ತಿದೆ. ನಾಲ್ಕೂವರೆ ನಕ್ಷತ್ರದ ಸರಾಸರಿ ಬಂದಿದೆಯೆಂದು ಆಡಳಿತಾಧಿಕಾರಿ ಸಭೆಯಲ್ಲಿ ಓದಿ ಹೇಳಿದರು. ನೆಲಮಾಳಿಗೆಗಾದರೂ ಪುಟದ ಗೊಡವೆಯೇ ಬೇಡ, ಸೇರಿದ ಕೂಡಲೇ ಇಂಟರ್ನೆಟ್ ಸಿಗಲಿ ಎಂದು ಅವನು ಎರಡು ಸಲ ಬರೆದುಕೊಟ್ಟ. ಕಂಪನಿಯವರು ಒಪ್ಪುವುದಿಲ್ಲ ಎಂದು ಎರಡು ಸಲವೂ ವಾಪಸ್ ಬಂತು.

ಈಗ ಅವನು ದಿನಾ ಬೆಳಗ್ಗೆ ನೆಲಮಾಳಿಗೆಗೆ ಹೋಗುತ್ತಾನೆ. ಡಯಾಲಿಸಿಸ್ ಕೋಣೆಯ ಬಾಗಿಲ ಬಳಿ ನಿಂತು ಫೋನನ್ನು ವೈಫೈಗೆ ಸೇರಿಸುತ್ತಾನೆ, ಪುಟ ಬರುವವರೆಗೆ ಕಾಯುತ್ತಾನೆ, ಪಟ್ಟಿಯಲ್ಲಿ ಗುರುತು ಹಾಕುತ್ತಾನೆ. ಅಮ್ಮ ಹೋದ ಮೇಲೆ ವೈಫೈಯಣ್ಣ ಎಷ್ಟು ಬದಲಾಗಿಬಿಟ್ಟ ಎಂದು ಆಸ್ಪತ್ರೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಹಿರಿಯ ನರ್ಸ್ ಮಾತ್ರ ಆ ಮಾತಿಗೆ ಸೇರುವುದಿಲ್ಲ. ಮಂಚದ ಮೇಲಿನವರು ಯಾರಾದರೂ, "ಇಲ್ಲಿ ಬಾಪ್ಪಾ, ಸ್ವಲ್ಪ ಈ ಫೋನ್ ನೋಡು" ಎಂದು ಕೈ ಚಾಚಿದರೆ ಅವನ ಕಾಲು ಈಗಲೂ ಹೊಸ್ತಿಲು ದಾಟುವುದಿಲ್ಲ ಎಂಬುದನ್ನು ಅವಳು ನೋಡಿದ್ದಾಳೆ. "ಮೇಲೆ ಕರೀತಿದ್ದಾರೆ" ಎಂದು ಅವನು ಮೆಟ್ಟಿಲ ಕಡೆ ತಿರುಗುತ್ತಾನೆ. ನರ್ಸ್ ಆ ಫೋನನ್ನು ತಾನೇ ಇಸಿದುಕೊಂಡು ನೋಡುತ್ತಾಳೆ.